ಉಡಚಪ್ಪ ಮಸೀದಿಗೆ ನಕ್ಷೆ ಬರೆದದ್ದು

ಮುಂಡರಗಿಯ ಬೇವಿನಗಿಡದ ಓಣಿಯ ಮಸೀದಿಗೆ ನಕ್ಷೆ ಬರೆದವರು ಯಾರು ಎಂದು ಕೇಳಿದರೆ ಉಡಚಪ್ಪ ‘ನಾನಽ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಅದರಲ್ಲಿ ಎಷ್ಟು ಸಲ ತಪ್ಪಿದಿರಿ ಎಂದು ಕೇಳಿದರೆ ಮಾತ್ರ ಕುರ್ಚಿ ಎಳೆದು ಕೊಡುತ್ತಾನೆ, ಎದುರಿನ ಅಂಗಡಿಗೆ ಕೂಗಿ ಎರಡು ಚಹಾ ಹೇಳುತ್ತಾನೆ. ಆ ಕಥೆ ಉದ್ದ. ಹೇಳುವಾಗ ಅವನಿಗೆ ಖುಷಿಯೂ ಹೆಚ್ಚು. ಬೇರೆಯವರು ನಗುವ ಮೊದಲೇ ತಾನೇ ನಕ್ಕುಬಿಟ್ಟರೆ ಅರ್ಧ ಮರ್ಯಾದೆಯಾದರೂ ಉಳಿಯುತ್ತದೆ ಎಂಬುದು ನಲವತ್ತೇಳು ವರ್ಷಕ್ಕೆ ಅವನು ಕಂಡುಕೊಂಡ ಸತ್ಯ.

ಉಡಚಪ್ಪ ಹುಟ್ಟಿದ್ದು ತುಂಗಭದ್ರೆಯ ದಂಡೆಯ ಹಮ್ಮಿಗಿಯಲ್ಲಿ, ಒಕ್ಕಲುತನದ ಮನೆಯಲ್ಲಿ. ಸಿಂಗಟಾಲೂರು ನೀರಾವರಿಯ ಕೆಲಸ ನಡೆದ ಕಾಲಕ್ಕೆ ಅವನು ಕಾಂಕ್ರೀಟಿನ ಬುಟ್ಟಿ ಹೊರಲು ಹೋದ. ಅಲ್ಲಿಗೆ ಆಗಾಗ ಬಿಳಿ ಟೊಪ್ಪಿಗೆಯ ಇಂಜಿನಿಯರೊಬ್ಬರು ಬರುತ್ತಿದ್ದರು. ಉದ್ದನೆಯ ಕಾಗದ ಬಿಡಿಸಿ, ಒಂದು ಕಡೆ ಬೆರಳಿಟ್ಟು, ಏನೋ ಹೇಳಿ ಜೀಪು ಹತ್ತಿ ಹೋಗುತ್ತಿದ್ದರು. ಅವರು ಬೆರಳಿಟ್ಟ ಕಡೆ ಮೂರು ತಿಂಗಳಲ್ಲಿ ಗೋಡೆ ಏಳುತ್ತಿತ್ತು. ಬುಟ್ಟಿ ಹೊರುವುದಕ್ಕಿಂತ ಬೆರಳಿಡುವುದು ಮೇಲು ಎಂದು ಉಡಚಪ್ಪನಿಗೆ ಅಂದೇ ಹೊಳೆಯಿತು. ಗದಗಿಗೆ ಹೋಗಿ ನಕ್ಷೆ ಬರೆಯುವ ಕೋರ್ಸು ಮಾಡಿದ. ಬೆಟಗೇರಿಯ ಒಂದು ಆಫೀಸಿನಲ್ಲಿ ಒಂಬತ್ತು ವರ್ಷ ಇನ್ನೊಬ್ಬರು ಬರೆದ ಗೆರೆಗಳ ಮೇಲೆ ಗೆರೆ ಎಳೆದ. ಆಮೇಲೆ ಮುಂಡರಗಿಗೆ ಬಂದು ಒಂದು ಶಟರಿನ ಅಂಗಡಿ ಹಿಡಿದು ‘ಉಡಚಪ್ಪ ಹಮ್ಮಿಗಿ, ಇಂಜಿನಿಯರ್’ ಎಂದು ಬೋರ್ಡು ಹಾಕಿದ. ಡಿಗ್ರಿ ಎಲ್ಲಿದೆ ಎಂದು ಯಾರೋ ಕೇಳಿದ ಮೇಲೆ ಕೊನೆಯ ಪದಕ್ಕೆ ಬಣ್ಣ ಬಳಿದು ‘ಡಿಸೈನರ್’ ಎಂದು ಬರೆಸಿದ. ಮಧ್ಯಾಹ್ನದ ಬಿಸಿಲು ಬಿದ್ದಾಗ ಹಳೆಯ ಅಕ್ಷರ ಈಗಲೂ ಕಾಣುತ್ತದೆ. ಅವನು ಅದನ್ನು ಪೂರ್ತಿ ಅಳಿಸಲು ಎಂದೂ ಆತುರಪಡಲಿಲ್ಲ.

ಮುಂಡರಗಿಯಲ್ಲಿ ಅವನು ಬರೆದ ಮನೆಗಳು ಬಹಳ. ಎಲ್ಲವೂ ಒಂದೇ ಥರ. ಮುಂದೆ ಎರಡು ಗುಂಡುಕಂಬ, ಮೇಲೆ ಸಿಮೆಂಟಿನ ಕಮಲ, ಅದರ ನಡುವೆ ಮನೆಯ ಹೆಸರು. ಒಮ್ಮೆ ಸ್ವತಃ ಅವನೇ ಹೋಗಬೇಕಾದ ಮನೆ ಬಿಟ್ಟು ಪಕ್ಕದ ಮನೆಗೆ ಹೋಗಿ, ಅಳತೆ ತೆಗೆದುಕೊಂಡು, ಚಹಾ ಕುಡಿದು ಬಂದಿದ್ದ. ಅದೂ ಅವನು ಬರೆದ ಮನೆಯೇ ಆಗಿದ್ದದ್ದು ಒಂದು ಸಮಾಧಾನ.

ಇಂಥವನ ಬಳಿಗೆ ಲಾಡಸಾಬರು ಬಂದದ್ದು ಮೂರು ವರ್ಷದ ಹಿಂದೆ. ಲಾಡಸಾಬರಿಗೆ ಎಪ್ಪತ್ತು ದಾಟಿತ್ತು. ಹತ್ತಿ ಹಿಂಜಿ ಗಾದಿ ಹೊಲಿಯುವುದು ಅವರ ಕಸುಬು. ಓಣಿಯ ಮಸೀದಿಯ ಕಮಿಟಿಗೂ ಅವರೇ ಹಿರಿಯರು. ಮಣ್ಣಿನ ಮಾಳಿಗೆಯ ಹಳೆಯ ಮಸೀದಿ ಆ ವರ್ಷದ ಮಳೆಗೆ ಎರಡು ಕಡೆ ಬಾಯಿ ಬಿಟ್ಟಿತ್ತು.

“ಹೊಸದು ಕಟ್ಟಬೇಕಂತ ಮಾಡೇವಿ ತಮ್ಮಾ,” ಎಂದರು ಲಾಡಸಾಬರು. “ಗದಗದಾಗ ದೊಡ್ಡ ದೊಡ್ಡವರು ಅದಾರ. ಆದ್ರ ಓಣಿಯೊಳಗ ನೀ ಇದ್ದೀ. ಗೋಡಿ ಸೋರಿದ್ರ ಹೋಗಿ ಬಯ್ಯಾಕಾದ್ರೂ ಮನಿ ಸನೇಪ ಇರಬೇಕಲ್ಲ?”

ಉಡಚಪ್ಪನಿಗೆ ಮಾತಿನ ಹಿಂಭಾಗ ಕೇಳಿಸಲಿಲ್ಲ. ದೊಡ್ಡ ದೊಡ್ಡವರನ್ನು ಬಿಟ್ಟು ತನ್ನ ಹತ್ತಿರ ಬಂದರು ಎಂಬುದಷ್ಟೇ ಕೇಳಿಸಿತು.

ಮರುದಿನವೇ ಟೇಪು, ಗೋಡೆಯ ಮೂಲೆ ನೋಡುವ ಮೂಲೆಮಟ್ಟ ಹಿಡಿದುಕೊಂಡು ಹೋದ. ಅಳೆದ, ತಿರುಗಿ ಅಳೆದ. ಇಡೀ ಮಸೀದಿ ರಸ್ತೆಗೆ ಓರೆಯಾಗಿ ಕೂತಿತ್ತು. ಮುಂದಿನ ಗೋಡೆಯ ಒಂದು ತುದಿ ರಸ್ತೆಯಿಂದ ನಾಲ್ಕು ಹೆಜ್ಜೆ ಇದ್ದರೆ ಇನ್ನೊಂದು ತುದಿ ಹತ್ತು ಹೆಜ್ಜೆ. ನಮಾಜು ಮುಗಿಸಿ ಹೊರಗೆ ಬರುತ್ತಿದ್ದ ಏಳೆಂಟು ಹಿರಿಯರ ಮುಂದೆ ಅವನು ಮೂಲೆಮಟ್ಟವನ್ನು ಎತ್ತಿ ಹಿಡಿದ.

“ಕಾಕಾ, ಹಿಂದಕಿನ ಗೌಂಡಿ ಏನರ ಕುಡದು ಕಟ್ಟಿದ್ದನೇನು? ಕಟ್ಟಡಕ್ಕ ಕಟ್ಟಡಾನಽ ಸೊಟ್ಟ ಐತಿ! ಏನೂ ಕಾಳಜಿ ಮಾಡಬ್ಯಾಡ್ರಿ. ನಾ ನೆಟ್ಟಗ ಮಾಡಿಕೊಡ್ತೀನಿ.”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಕೆಮ್ಮಿದರು. ಲಾಡಸಾಬರು ಚಪ್ಪಲಿ ಮೆಟ್ಟಿಕೊಳ್ಳುತ್ತಾ ನಿಧಾನವಾಗಿ ಹೇಳಿದರು. “ಮಸೂತಿ ನೆಟ್ಟಗಽ ಐತಿ ತಮ್ಮಾ. ರಸ್ತಾ ಸೊಟ್ಟ ಐತಿ.”

“ಅಂದ್ರ?”

“ಅಂದ್ರ ನಾವು ನಮಾಜಿಗೆ ನಿಂದ್ರೂದು ಮಕ್ಕಾದ ಕಡೆ ಮಾರಿ ಮಾಡಿ. ಬಸ್ ಸ್ಟ್ಯಾಂಡಿನ ಕಡೆ ಅಲ್ಲ.”

ಮಕ್ಕಾ ಇರುವುದು ಪಶ್ಚಿಮಕ್ಕೆ, ಅದೂ ತುಸು ಉತ್ತರಕ್ಕೆ ವಾಲಿ. ಉಡಚಪ್ಪ ಅಂಗಡಿಗೆ ಬಂದು ಬಾಗಿಲು ಅರ್ಧ ಮುಚ್ಚಿ ಮೊಬೈಲಿನಲ್ಲಿ ದಿಕ್ಕು ನೋಡಿದ. ಕುಡಿದು ಕಟ್ಟಿದ್ದನೆಂದು ಅವನು ಹೇಳಿದ ಆ ಹೆಸರಿಲ್ಲದ ಗೌಂಡಿ, ಮೊಬೈಲಿಲ್ಲದೆ, ಡಿಗ್ರಿಯಿಲ್ಲದೆ, ಬೋರ್ಡಿಲ್ಲದೆ ಗೋಡೆಯನ್ನು ಕೂದಲೆಳೆಯಷ್ಟೂ ತಪ್ಪದೆ ನಿಲ್ಲಿಸಿದ್ದ. ತಾನು ನೆಟ್ಟಗೆ ಮಾಡಿಕೊಟ್ಟಿದ್ದರೆ ಓಣಿಯ ಜನವೆಲ್ಲ ಭಕ್ತಿಯಿಂದ ಇನ್ಯಾವುದೋ ದೇಶದ ಕಡೆಗೆ ತಲೆ ಬಾಗಿಸುತ್ತಿದ್ದರು ಎಂದು ಎಣಿಸಿ ಅವನು ಬಾಗಿಲನ್ನು ಪೂರ್ತಿ ಮುಚ್ಚಿದ.

ಇಷ್ಟಾದರೂ ಬುದ್ಧಿ ಬರಲಿಲ್ಲ. ಆದ ಅವಮಾನವನ್ನು ತೊಳೆಯಬೇಕೆಂದರೆ ಇಡೀ ಜಿಲ್ಲೆಯಲ್ಲಿ ಇಲ್ಲದಂಥ ನಕ್ಷೆ ಬರೆಯಬೇಕು ಎಂದು ಹಟ ಹಿಡಿದ. ಹದಿನೈದು ದಿನ ಇಂಟರ್ನೆಟ್ಟಿನಲ್ಲಿ ದೇಶದೇಶಗಳ ಮಸೀದಿ ನೋಡಿದ. ಒಂದರಿಂದ ಗುಮ್ಮಟ ತೆಗೆದುಕೊಂಡ, ಇನ್ನೊಂದರಿಂದ ನಾಲ್ಕು ಮಿನಾರು, ಮತ್ತೊಂದರಿಂದ ಹಸಿರು ಗಾಜು. ಸುತ್ತ ಎಂಟಡಿ ಕಾಂಪೌಂಡು, ಅದರ ಮೇಲೆ ಈಟಿಯಂಥ ಕಬ್ಬಿಣದ ಸರಳು, ದೊಡ್ಡ ಗೇಟು, ಒಳಗೆ ಆರು ಕಾರು ನಿಲ್ಲುವಷ್ಟು ಜಾಗ. ಗದಗಿನಲ್ಲಿ ಕಂಪ್ಯೂಟರಿನಲ್ಲಿ ಚಿತ್ರ ಮಾಡುವವನೊಬ್ಬನ ಹತ್ತಿರ ಕೂತು ಅದನ್ನು ಬಣ್ಣದ ಚಿತ್ರ ಮಾಡಿಸಿ, ಹತ್ತಡಿ ಫ್ಲೆಕ್ಸಿಗೆ ಹಾಕಿಸಿ, ಶುಕ್ರವಾರದ ನಮಾಜು ಮುಗಿಯುವ ಹೊತ್ತಿಗೆ ಮಸೀದಿಯ ಮುಂದಿನ ಬೇವಿನ ಗಿಡಕ್ಕೆ ಕಟ್ಟಿಸಿದ.

ಜನ ನೆರೆದರು. ನೋಡಿದರು. “ಭಾರಿ ಐತಿ” ಎಂದು ಒಬ್ಬರು ಅಂದರು. ಆ ದನಿಯಲ್ಲಿ ಸಂತೋಷಕ್ಕಿಂತ ಗಾಬರಿ ಜಾಸ್ತಿಯಿತ್ತು.

ಮಸೀದಿಯ ಬಗಲಿಗೇ ಸುಗ್ರಾಬಿಯ ಮನೆ. ಎಂಬತ್ತರ ಹತ್ತಿರದ ಮುದುಕಿ. ಗಿಡದ ಬುಡದ ನಳದಲ್ಲಿ ಕೊಡ ತುಂಬಿಸುತ್ತಿದ್ದವಳು ಕೊಡ ಅಲ್ಲೇ ಬಿಟ್ಟು ಫ್ಲೆಕ್ಸಿನ ಮುಂದೆ ಬಂದು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

“ಚಂದ ಐತಿ ಮಗನ. ಯಾವೂರಾಗ ಕಟ್ಟಾವರು?”

“ಇದಽ ಆಯಿ! ನಿಮ್ಮ ಮನಿ ಬಾಜೂಕಿನ ಮಸೂತಿ.”

“ಹಂಗಾದ್ರ ಈ ಕಟ್ಟಿ ಎಲ್ಲಿ ಹೋತು?” ಅವಳು ಗಿಡದ ಸುತ್ತಲಿನ ಕಲ್ಲುಕಟ್ಟೆಯನ್ನು ತೋರಿಸಿದಳು. “ನಳ ಎಲ್ಲಿ ಹೋತು? ಗಿಡಾನೂ ಇಲ್ಲ. ನಮ್ಮ ಮನಿ ಇದ್ದಲ್ಲಿ ಈಚಲ ಗಿಡದಂಥಾದ್ದು ಏನೋ ನಿಂತೈತಿ.”

ಉಡಚಪ್ಪ ಬಾಯಿ ತೆರೆಯುವಷ್ಟರಲ್ಲಿ ಅವಳು ಇನ್ನೂ ಹತ್ತಿರ ಹೋದಳು. “ಮಸೂತಿ ಬಾಗಲಕ್ಕ ನಾಯಿ ತಂದು ನಿಂದರಸ್ಯಾಳಲ್ಲ, ಯಾರಿಕಿ?”

ಉಡಚಪ್ಪನೂ ಆಗಲೇ ನೋಡಿದ್ದು. ಚಿತ್ರ ಮಾಡಿದವನು ರಸ್ತೆ ಖಾಲಿ ಕಾಣಬಾರದೆಂದು ಕಂಪ್ಯೂಟರಿನಲ್ಲಿದ್ದ ನಾಲ್ಕಾರು ಜನರನ್ನು ತಂದು ಅಲ್ಲಲ್ಲಿ ಇಟ್ಟಿದ್ದ. ಗೇಟಿನ ಮುಂದೆಯೇ ಕೆಂಪು ಕೂದಲಿನ ಒಬ್ಬ ಹೆಂಗಸು, ಮೊಣಕಾಲ ಮೇಲಿನ ಚಡ್ಡಿ, ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಕರುವಿನಷ್ಟು ದೊಡ್ಡ ನಾಯಿ. ಹದಿನೈದು ದಿನ ಗುಮ್ಮಟವನ್ನೇ ನೋಡಿದ ಉಡಚಪ್ಪ ನೆಲದ ಕಡೆ ಕಣ್ಣಿಳಿಸಿರಲಿಲ್ಲ.

ಮೊದಲು ನಕ್ಕವರು ಪೇಶ್ ಇಮಾಮರು. ನಮಾಜು ಮಾಡಿಸುವ ಅವರೇ ನಕ್ಕ ಮೇಲೆ ಉಳಿದವರು ತಡೆದುಕೊಳ್ಳುವ ಕಾರಣ ಉಳಿಯಲಿಲ್ಲ. ಉಡಚಪ್ಪ ಫ್ಲೆಕ್ಸು ಬಿಚ್ಚಿ ಸುತ್ತಿಕೊಂಡು ಮನೆಗೆ ನಡೆದ. ಹತ್ತಡಿ ಸುರುಳಿಯನ್ನು ಹೆಗಲ ಮೇಲೆ ಹೊತ್ತು, ಅವಮಾನವನ್ನು ಯಾರಿಗೂ ಕಾಣದಂತೆ ಹೊತ್ತೊಯ್ಯುವುದು ಬಲು ಕಷ್ಟ. ಖಬರು ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಹೆಂಡತಿ ಮಂಜುಳಾ ಊಟಕ್ಕೆ ಬಡಿಸಿ, ಅವನು ರೊಟ್ಟಿ ಮುರಿದ ಮೇಲೆ ಕೇಳಿದಳು.

“ಏನ್ರಿ, ಆ ನಾಯಿಗೆ ಏನಂತ ಹೆಸರಿಟ್ಟೀರಿ?”

ಕೆಲಸ ಹೋಯಿತೆಂದೇ ಅವನು ತಿಳಿದಿದ್ದ. ಮರುದಿನ ಬೆಳಿಗ್ಗೆ ಲಾಡಸಾಬರು ಮನೆಗೇ ಬಂದರು. ಕೈಯಲ್ಲಿ ಅವರೇ ಹೊಲಿದ ಒಂದು ಸಣ್ಣ ದಿಂಬು.

“ಎಂಟು ದಿನ ಏನೂ ಬರೀಬ್ಯಾಡ,” ಎಂದರು. “ಪೆನ್ಸಿಲ್ ಮುಟ್ಟಬ್ಯಾಡ. ಮಸೂತಿ ಕಟ್ಟಿ ಮ್ಯಾಲ ಹೋಗಿ ಕುಂಡ್ರು. ಮುಂಜಾನಿಂದ ಸಂಜಿ ತನಕ. ಕಲ್ಲು ಒತ್ತತಾವು, ಅದಕ್ಕ ಈ ದಿಂಬು.”

“ಕುಂತು ಏನು ಮಾಡ್ಲಿ ಕಾಕಾ?”

“ಏನೂ ಮಾಡಬ್ಯಾಡ. ಅದಽ ನಿನಗ ಬರೂದಿಲ್ಲ ನೋಡು.”

ಉಡಚಪ್ಪ ಸಿಟ್ಟಿನಲ್ಲೇ ಹೋಗಿ ಕೂತ. ಸುಮ್ಮನೆ ಕೂತಿದ್ದಾನೆಂದು ಯಾರೂ ತಿಳಿಯಬಾರದೆಂದು ಪೇಪರು ಹಿಡಿದುಕೊಂಡ. ಅರ್ಧ ಗಂಟೆಯಲ್ಲಿ ಪೇಪರು ಅವನ ಕೈಯಲ್ಲಿರಲಿಲ್ಲ. ಹಿರೇಮನುಷ್ಯರು ಒಬ್ಬೊಬ್ಬರೇ ಬಂದು ಒಂದೊಂದು ಹಾಳೆ ಕಿತ್ತುಕೊಂಡು ಕೂತಿದ್ದರು. ಆಟದ ಪುಟ ನಿವೃತ್ತ ಕಂಡಕ್ಟರ್ ಮಹಾದೇವನ ಹತ್ತಿರ, ಪೇಟೆ ಧಾರಣೆ ಲಾಡಸಾಬರ ಹತ್ತಿರ, ನಿಧನದ ಸುದ್ದಿ ಇಮಾಮರ ಹತ್ತಿರ. ಉಡಚಪ್ಪನಿಗೆ ಉಳಿದದ್ದು ಪಾತ್ರೆ ಸೋಪಿನ ಜಾಹೀರಾತು.

ಹೀಗೆ ಓದಲು ಏನೂ ಉಳಿಯದೆ ಅವನು ನೋಡತೊಡಗಿದ.

ಬೆಳಕು ಹರಿಯುವ ಹೊತ್ತಿಗೆ ಹಮ್ಮಿಗಿ ಕಡೆಯ ಹೊಲಗಳಿಗೆ ಕಳೆ ತೆಗೆಯಲು ಹೋಗುವ ಹೆಂಗಸರು ಈ ಕಟ್ಟೆಗೇ ಬಂದು ಟೆಂಪೋ ಕಾಯುತ್ತಿದ್ದರು. ರೊಟ್ಟಿಯ ಗಂಟನ್ನು ಮಸೀದಿಯ ಕಿಟಕಿಯ ಕಟ್ಟಿನ ಮೇಲಿಟ್ಟು ತಲೆ ಬಾಚಿಕೊಳ್ಳುತ್ತಿದ್ದರು. ಮಧ್ಯಾಹ್ನ ಶಿರಹಟ್ಟಿ ಕಡೆಯಿಂದ ದವಾಖಾನೆಗೆ ಬಂದ ಮಂದಿ ಡಾಕ್ಟರು ಊಟ ಮುಗಿಸಿ ಬರುವವರೆಗೆ ಮಸೀದಿಯ ಪಡಸಾಲೆಯ ನೆರಳಿಗೆ ಚೀಲ ತಲೆಗಿಟ್ಟು ಮಲಗುತ್ತಿದ್ದರು. ಯಾರೂ ಅವರ ಜಾತಿ ಕೇಳುತ್ತಿರಲಿಲ್ಲ. ಫ್ಯಾನು ಸಾಕೇ ಎಂದು ಮಾತ್ರ ಕೇಳುತ್ತಿದ್ದರು. ಶಾಲೆ ಬಿಟ್ಟ ಮೇಲೆ ತಗಡಿನ ಮನೆಗಳ ಮಕ್ಕಳು ಅದೇ ಪಡಸಾಲೆಯಲ್ಲಿ ಬೋರಲು ಮಲಗಿ ಗಣಿತ ಬರೆಯುತ್ತಿದ್ದರು. ಮನೆಯಲ್ಲಿ ಆ ಹೊತ್ತಿಗೆ ತಗಡು ಕಾದು ಹೆಂಚಾಗಿರುತ್ತಿತ್ತು.

ಶುಕ್ರವಾರ ಮಸೀದಿಯೊಳಗೆ ಇಮಾಮರ ಮಾತು ನಡೆದಾಗ ಓಣಿಯ ಹೆಣ್ಣುಮಕ್ಕಳು ಸುಗ್ರಾಬಿಯ ಮನೆಯ ಹೊಸ್ತಿಲಲ್ಲಿ ಒತ್ತೊತ್ತಾಗಿ ನಿಂತು ಕಿವಿ ಕೊಡುತ್ತಿದ್ದರು.

“ಕೇಳಸ್ತದೇನು ಆಯಿ?” ಎಂದು ಉಡಚಪ್ಪ ಕೇಳಿದ.

“ಅರ್ಧಾ ಕೇಳಸ್ತದ. ಅರ್ಧಾ ಮೋಟಾರ್ ಸೈಕಲ್ ನುಂಗತದ,” ಎಂದಳು ಸುಗ್ರಾಬಿ. “ಪಾಪ ಮಾಡಬ್ಯಾಡ್ರಿ ಅನ್ನೂದು ಕೇಳಸ್ತದ. ಮಾಡಿದ್ರ ಮಾಫಿ ಐತಿ ಅನ್ನೂದು ಕೇಳಸೂದಿಲ್ಲ.”

ಸಂಜೆಯ ನಮಾಜಿನ ಹೊತ್ತಿಗೆ ಬಾಗಿಲ ಎರಡೂ ಕಡೆ ಕೂಸುಗಳನ್ನು ಎತ್ತಿಕೊಂಡ ತಾಯಂದಿರು ಸಾಲಾಗಿ ನಿಲ್ಲುತ್ತಿದ್ದರು. ಹಣೆಯಲ್ಲಿ ಕುಂಕುಮ ಇದ್ದವರೇ ಹೆಚ್ಚು. ನಮಾಜು ಮುಗಿಸಿ ಹೊರಬರುವವರು ಒಬ್ಬೊಬ್ಬರೂ ನಿಂತು, ಕೂಸು ಗುಣವಾಗಲೆಂದು ಬೇಡಿ, ಅದರ ಮುಖಕ್ಕೆ ಮೆಲ್ಲಗೆ ಊದಿ ಮುಂದೆ ಹೋಗುತ್ತಿದ್ದರು. ಜ್ವರ ಬಂದ ಕೂಸು, ಬೆಚ್ಚಿಬಿದ್ದ ಕೂಸು, ಹಾಲು ಬಿಟ್ಟ ಕೂಸು. ಆ ತಾಯಂದಿರು ನಿಲ್ಲುತ್ತಿದ್ದ ಜಾಗ ಯಾವುದೆಂದು ಉಡಚಪ್ಪ ಮನಸ್ಸಿನಲ್ಲೇ ತನ್ನ ನಕ್ಷೆಯ ಮೇಲಿಟ್ಟು ನೋಡಿದ. ಸರಿಯಾಗಿ ಈಟಿಯ ಸರಳಿನ ಗೇಟು.

ಆರು ಕಾರಿನ ಜಾಗ ಬಿಟ್ಟಿದ್ದನಲ್ಲ, ಎಂಟು ದಿನದಲ್ಲಿ ಬಂದದ್ದು ಒಂದೇ ಕಾರು. ಅದೂ ಲಕ್ಷ್ಮೇಶ್ವರದ ದಾರಿ ತಪ್ಪಿ ಬಂದದ್ದು. ಮಹಾದೇವ ದಾರಿ ಹೇಳಿ ಕಳಿಸಿದ.

ಮನೆಯಲ್ಲಿ ಊಟಕ್ಕೆ ಕೂತಾಗ ಉಡಚಪ್ಪ ಕೂಸುಗಳ ಸುದ್ದಿ ಹೇಳಿದ. ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅವನ ತಾಯಿ ಬೀರವ್ವ ತಲೆ ಎತ್ತಿದಳು.

“ನೀನೂ ಅಲ್ಲಿ ಊದಿಸಿಕೊಂಡಾವನಽ.”

“ನಾನು?”

“ಮತ್ತ? ಹೊತ್ತು ಮುಣಗೂದಽ ತಡ, ಕಿಟಾರನ ಕಿರುಚತಿದ್ದಿ. ಹಮ್ಮಿಗ್ಯಾಗ ಯಾರಿಗೂ ನಿದ್ದಿ ಇಲ್ಲ. ಮೂರು ಬೇಸ್ತವಾರ ಎತ್ತಿಕೊಂಡು ಬಂದು ಆ ಬಾಗಲಕ್ಕ ನಿಂತೆ. ಸುಗ್ರಾಬಿ ಆವಾಗ ಹರೇದಾಕಿ, ನೀರು ಕೊಟ್ಟು ಕಟ್ಟಿ ಮ್ಯಾಲ ಕುಂದರಸ್ತಿದ್ಲು.”

“ಕಡಿಮಿ ಆತೇನು?”

“ಅಳೂದು ಕಡಿಮಿ ಆತು. ಸೊಕ್ಕಿಗೂ ಊದ್ರಿ ಅಂತ ಹೇಳಾಕ ನನಗ ಅವತ್ತು ನೆನಪಾಗಲಿಲ್ಲ.”

ಮಂಜುಳಾಗೆ ನೆತ್ತಿ ಹತ್ತಿತು. ಉಡಚಪ್ಪ ಅವಳಿಗೆ ನೀರು ಕೊಟ್ಟ. ತಾನೂ ಕುಡಿದ. ತಾಯಿ ತನ್ನನ್ನು ಎತ್ತಿಕೊಂಡು ನಿಂತ ಬಾಗಿಲಿಗೆ ತಾನೇ ಬೀಗ ಹಾಕಲು ಹೊರಟಿದ್ದೆನಲ್ಲ ಎಂದುಕೊಂಡು ಊಟ ಅರ್ಧಕ್ಕೇ ಬಿಟ್ಟು ಎದ್ದ.

ಒಂಬತ್ತನೆಯ ದಿನ ಪೆನ್ಸಿಲ್ ಹಿಡಿದ. ಈ ಸಲ ಬಣ್ಣವಿಲ್ಲ, ಕಂಪ್ಯೂಟರಿಲ್ಲ. ಚೌಕಗಳ ಕಾಗದದ ಮೇಲೆ ಗೋಡೆ ಮೊದಲಿನ ಓರೆಯಲ್ಲೇ ನಿಂತಿತು. ಕಾಂಪೌಂಡು ಹೋಯಿತು. ರಸ್ತೆಗೂ ಮಸೀದಿಗೂ ನಡುವೆ ಓರೆಯಿಂದಾಗಿ ಉಳಿಯುವ ತ್ರಿಕೋನ ಜಾಗ ಇಡಿಯಾಗಿ ಬೇವಿನ ಗಿಡಕ್ಕೂ ಕಟ್ಟೆಗೂ ಬಂತು. ಪಡಸಾಲೆ ಎರಡು ಪಟ್ಟಾಯಿತು. ಮಲಗುವವರಿಗೆ ಒಂದು ಕಡೆ, ಮಕ್ಕಳಿಗೆ ಒಂದು ಕಡೆ. ಬಾಗಿಲ ಎರಡೂ ಬದಿಗೆ, ಕೂಸು ಎತ್ತಿಕೊಂಡವರಿಗೆ ಮಳೆ ತಾಗದಂತೆ, ಅಗಲವಾದ ಚಾಚು ಮಾಡು. ನಾಲ್ಕು ಮಿನಾರು ಹೋಗಿ ಒಂದು ಉಳಿಯಿತು, ಅದೂ ಗಿಡಕ್ಕಿಂತ ತುಸು ಕೆಳಗೆ. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದ ನೀರು ಚರಂಡಿಗೆ ಹೋಗದೆ ಗಿಡದ ಬುಡಕ್ಕೆ ಹರಿಯುವಂತೆ ಒಂದು ಕಾಲುವೆ ಬರೆದ. ಇದೊಂದು ಮಾತ್ರ ಪೂರ್ತಿ ತನ್ನದೇ ತಲೆ ಎಂದು ಅವನಿಗೆ ಬಹಳ ಹೆಮ್ಮೆ. ಸುಗ್ರಾಬಿಗೆ ತೋರಿಸಿದ.

“ಚಲೋ ಆತು,” ಎಂದಳು ಮುದುಕಿ. “ನಲವತ್ತು ವರ್ಷ ಆ ನೀರು ಕೊಡದಾಗ ಹೊತ್ತು ಹೊತ್ತು ಗಿಡಕ್ಕ ಹಾಕಿ ನನ್ನ ಸೊಂಟ ಹೋತು.”

ಸುಗ್ರಾಬಿಯ ಮನೆಯ ಕಡೆಗೆ ಬೇರೆ ಬಾಗಿಲಿಟ್ಟು ಹೆಣ್ಣುಮಕ್ಕಳಿಗೆ ಒಂದು ಕೋಣೆಯನ್ನೂ ಅವನು ಬರೆದಿದ್ದ. ಕಮಿಟಿಯಲ್ಲಿ ಮಾತು ಬಿಸಿಯಾದದ್ದು ಅದೊಂದಕ್ಕೇ. ಇಲ್ಲಿಯತನಕ ಇಲ್ಲದ್ದು ಈಗ ಯಾಕೆ ಎಂದರು ಒಬ್ಬರು. ಜನ ಏನಂದಾರು ಎಂದರು ಲಾಡಸಾಬರೂ. ಇಮಾಮರು ಧರ್ಮದಲ್ಲಿ ಅಡ್ಡಿಯಿಲ್ಲ ಎಂದರು. ಉಡಚಪ್ಪ ಬಾಯಿ ಬಿಡಲಿಲ್ಲ. ಅದು ಅವರ ಮನೆಯ ಮಾತು. ಮೂಲೆಮಟ್ಟ ಎತ್ತಿ ಹಿಡಿದ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಅಷ್ಟರಲ್ಲಿ ಹೊರಗಿನಿಂದ, ಕಿಟಕಿಯ ಮುಖಾಂತರ, ಸುಗ್ರಾಬಿಯ ದನಿ ಬಂತು.

“ಲಾಡಸಾಬ, ಈ ಹಳೀ ಮಸೂತಿ ಕಟ್ಟೂವಾಗ ನಮ್ಮತ್ತಿ ತೆಲಿ ಮ್ಯಾಲ ಮಣ್ಣು ಹೊತ್ತಾಳ. ನೀನಽ ಹೇಳಿದ್ದಿ. ಹೊರಾಕ ನಾವು ಬೇಕು, ಕುಂಡ್ರಾಕ ಬ್ಯಾಡೇನು?”

ಲಾಡಸಾಬರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಆಮೇಲೆ ಕಾಗದದ ಮೇಲೆ ಬೆರಳಿಟ್ಟು, “ಈ ಬಾಗಲ ಇನ್ನೊಂದೀಟು ಅಗಲ ಮಾಡು ತಮ್ಮಾ,” ಎಂದರು.

ಕೆಲಸ ಶುರುವಾಯಿತು. ನಮಾಜು ಲಾಡಸಾಬರ ಗಾದಿ ಅಂಗಡಿಯ ಹಿಂದಿನ ಶೆಡ್ಡಿಗೆ ಹೋಯಿತು. ಗೌಂಡಿ ಗೋಣೆಪ್ಪ ಬಂದ. ಬರೆದದ್ದನ್ನು ಬರೆದ ಹಾಗೆ ಕಟ್ಟುವ ಮನುಷ್ಯ, ಒಂದು ಮಾತು ಹೆಚ್ಚಿಲ್ಲ. ಉಡಚಪ್ಪನಿಗೆ ಕೊನೆಯ ಪೆಟ್ಟು ಬಿದ್ದದ್ದು ಅದರಿಂದಲೇ. ಹಳೆಯ ಕಟ್ಟೆ ತೆಗೆದು ಕಟ್ಟುವ ಹೊಸದನ್ನು ಅವನು ಎರಡೂವರೆ ಅಡಿ ಎತ್ತರ ಬರೆದಿದ್ದ. ಯಾಕೆ? ದೂರದಿಂದ ಗಂಭೀರವಾಗಿ ಕಾಣಲಿ ಎಂದು. ಎಂಟು ದಿನ ಜನರನ್ನು ನೋಡಿದವನು, ಅವರು ಕೂತಾಗ ಕಾಲು ನೆಲಕ್ಕೆ ತಾಗುತ್ತದೆ ಎಂಬುದನ್ನು ನೋಡಿರಲಿಲ್ಲ.

ಹೊಸ ಕಟ್ಟೆಗೆ ಗಾರೆ ಒಣಗಿದ ದಿನ ಸುಗ್ರಾಬಿ ಬಂದಳು. ಒಂದು ಕಾಲು ಎತ್ತಿ ನೋಡಿದಳು. ಇನ್ನೊಂದು ಕಾಲು ಎತ್ತಿ ನೋಡಿದಳು. ಮನೆಗೆ ಹೋಗಿ ಪ್ಲಾಸ್ಟಿಕ್ ಬಕೆಟ್ ತಂದು ಬೋರಲು ಹಾಕಿ, ಕಟ್ಟೆಯ ಪಕ್ಕ ಅದರ ಮೇಲೆ ಕೂತಳು.

“ಯಾಕ ಆಯಿ, ಕಟ್ಟಿ ಮ್ಯಾಲ ಕುಂಡ್ರಬಾರದಾ?”

“ಇದು ಕಟ್ಟಿ ಅಲ್ಲೋ ಮಗನ, ಅಟ್ಟ. ಏರಿಸಿದ್ರ ಇಳಸಾಕ ನಾಕು ಮಂದಿ ಬೇಕು.”

ಉಡಚಪ್ಪ ಎರಡು ದಿನ ಆ ಕಡೆ ಹಾಯಲಿಲ್ಲ. ಕಳೆ ತೆಗೆಯುವ ಹೆಂಗಸರು ಟೆಂಪೋ ಕಾಯುತ್ತಾ ಕಟ್ಟೆಗೆ ಒರಗಿ ನಿಂತಿರುತ್ತಾರೆ, ಯಾರೂ ಕೂರುವುದಿಲ್ಲ ಎಂದು ಮಂಜುಳಾ ಸುದ್ದಿ ತಂದಳು. ಮೂರನೆಯ ದಿನ ಅವನು ಟೇಪು ಹಿಡಿದು ಸುಗ್ರಾಬಿಯ ಮುಂದೆ ಮಂಡಿಯೂರಿ ಕೂತ. ಬಕೆಟ್ಟಿನ ಮೇಲೆ ಕೂತಿದ್ದ ಅವಳ ಪಾದದಿಂದ ಮೊಣಕಾಲಿನವರೆಗೆ ಟೇಪು ಹಿಡಿದ.

ಮುದುಕಿ ಕಾಲು ಹಿಂದಕ್ಕೆಳೆದುಕೊಂಡಳು. “ಏನೋ ಇದು? ಗೋರಿಗೆ ಅಳತಿ ತಗೊಳ್ಳಾಕತ್ತೀಯೇನು? ಇನ್ನೂ ಟೈಮ್ ಐತಿ!”

“ಗೋರಿಗಲ್ಲ ಆಯಿ, ಕಟ್ಟಿಗೆ.”

“ಹಂಗಂದ್ರ ಹಿಡಿ,” ಎಂದು ಅವಳು ಕಾಲು ಚಾಚಿದಳು. “ಎಡಗಾಲು ಹಿಡಿ. ಬಲಗಾಲು ಬಾತೈತಿ, ಅಳತಿ ತಪ್ಪಿದ್ರ ಮತ್ತ ನೀನಽ ಒಡೀಬೇಕಾಗ್ತದ.”

ಹದಿನೈದು ಇಂಚು ಬಂತು. ಉಡಚಪ್ಪ ಕಾಗದದ ಮೇಲಿನ ಮೂವತ್ತನ್ನು ಹೊಡೆದು ಹಾಕಿ ಹದಿನೈದು ಬರೆದ. “ನನ್ನ ತಪ್ಪು, ನಾನಽ ಒಡೀತೀನಿ,” ಎಂದು ಹಾರೆ ಹಿಡಿದ. ಬುಟ್ಟಿ ಹೊರುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ನಾಲ್ಕು ಏಟಿಗೆ ಅಂಗೈ ಬೊಬ್ಬೆ ಎದ್ದಿತು. ಗೋಣೆಪ್ಪ ಬಂದು ಹಾರೆ ಕಸಿದುಕೊಂಡು, ಆ ಕೆಲಸದಲ್ಲಿ ಮೊದಲನೆಯ ಸಲ ತಾನಾಗಿ ಮಾತಾಡಿದ. “ಮೊದಲಽ ಅಜ್ಜೀನ ಅಳದಿದ್ರ ಗಾರೆರ ಉಳೀತಿತ್ತಲ್ರಿ ಸರ.”

ಮಸೀದಿ ಮುಗಿದದ್ದು ಮರುವರ್ಷ. ಬಾಗಿಲು ತೆರೆಯುವ ದಿನ ಉಡಚಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಜೇಬಿನಲ್ಲಿ ಭಾಷಣದ ಚೀಟಿ ಇಟ್ಟುಕೊಂಡು ಹೋದ. ಇಂಟರ್ನೆಟ್ಟಿನಲ್ಲಿ ಹುಡುಕಿ ‘ಸಾಮಾಜಿಕವಾಗಿ ಸುಸ್ಥಿರವಾದ ಸಮುದಾಯದ ತಾಣ’ ಎಂಬ ಮಾತನ್ನು ಎರಡು ಕಡೆ ಸೇರಿಸಿದ್ದ. ಲಾಡಸಾಬರು ಮೈಕಿನಲ್ಲಿ ಅವನ ಹೆಸರು ಕರೆದು ಶಾಲು ಹೊದಿಸಿದರು. ಅವನು ಚೀಟಿ ತೆಗೆದು ‘ಸಾಮಾಜಿಕವಾಗಿ’ ಎಂದ. ಕರೆಂಟು ಹೋಯಿತು. ಸ್ವಲ್ಪ ಕಾದರು. ಗೋದಿ ಹುಗ್ಗಿಯ ಪಾತ್ರೆಯ ಮುಚ್ಚಳ ತೆಗೆದ ಸದ್ದು ಆ ಕಡೆಯಿಂದ ಬಂತು. ಜನ ಮೆಲ್ಲಗೆ ಎದ್ದು ಹೋದರು.

ಉಡಚಪ್ಪ ಹುಗ್ಗಿಯ ತಟ್ಟೆ ಹಿಡಿದು ಕೂರಲು ಜಾಗ ಹುಡುಕಿದ. ಕಟ್ಟೆ ತುಂಬಿತ್ತು. ಹೆಂಗಸರು, ಮಕ್ಕಳು, ದವಾಖಾನೆಗೆ ಬಂದ ಯಾರೋ ಪರವೂರಿನವರು, ಮಹಾದೇವ, ಉಡಚಪ್ಪನ ತಾಯಿ ಬೀರವ್ವ, ಅವಳಿಗೊರಗಿ ಸುಗ್ರಾಬಿ. ಎಲ್ಲರ ಕಾಲೂ ನೆಲ ಮುಟ್ಟಿತ್ತು. ಒಬ್ಬರೂ ಸರಿದು ಕೂರಲಿಲ್ಲ. ಅವನು ಶಾಲು ಹೆಗಲಿಗೇರಿಸಿ ನಿಂತುಕೊಂಡೇ ತಿಂದ. ಹುಗ್ಗಿಯ ಬಿಸಿಗೆ ಕಣ್ಣಲ್ಲಿ ನೀರು ಬಂತು ಎಂದು ಕೇಳಿದವರಿಗೆ ಈಗಲೂ ಹೇಳುತ್ತಾನೆ.

ಆಮೇಲಿನ ದಿನಗಳಲ್ಲಿ ಪಡಸಾಲೆಯಲ್ಲಿ ಓಣಿಯ ಒಬ್ಬ ಡಿಗ್ರಿ ಓದಿದ ಹುಡುಗಿ ಸಂಜೆಗೆ ಪಾಠ ಶುರು ಮಾಡಿದಳು. ಹೆಣ್ಣುಮಕ್ಕಳ ಕೋಣೆ ಶುಕ್ರವಾರ ಸಾಲದಾಗುತ್ತದೆ. ಇಮಾಮರ ಮಾತು ಈಗ ಪೂರ್ತಿ ಕೇಳಿಸುತ್ತದೆ, ಬಹಳ ಉದ್ದವಾಯಿತು ಎಂದು ಸುಗ್ರಾಬಿಯ ತಕರಾರು.

ಉಡಚಪ್ಪನಿಗೆ ಮಾತ್ರ ವ್ಯಾಪಾರ ಕಡಿಮೆಯಾಯಿತು. ಶಿರಹಟ್ಟಿಯಿಂದ ಒಬ್ಬರು ದೊಡ್ಡ ಮನೆಯ ನಕ್ಷೆಗೆ ಬಂದರೆ, “ಮೊದಲು ಎಂಟು ದಿನ ನಿಮ್ಮ ಈಗಿನ ಮನಿಯೊಳಗ ಕುಂತು ನೋಡ್ತೀನ್ರಿ,” ಎಂದ. ಅವರು ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಹೆಂಡತಿಯನ್ನು ಕರೆದುಕೊಂಡು ಬೇರೆಯವರ ಹತ್ತಿರ ಹೋದರು. ಅದನ್ನು ಮನೆಯಲ್ಲಿ ಹೇಳಿದಾಗ ಮಂಜುಳಾ ಒಲೆಯ ಮುಂದಿನಿಂದ ತಿರುಗಿದಳು. ಈ ಮನೆಯೂ ಉಡಚಪ್ಪ ಬರೆದದ್ದೇ. ಗುಂಡುಕಂಬ, ಕಮಲ, ಎಲ್ಲ ಇತ್ತು.

“ಮಂದಿ ಮನಿ ಇರಲಿ ಬಿಡ್ರಿ. ಹತ್ತು ವರ್ಷ ಆತು, ನೀರು ಬರೂದು ಆ ಮೂಲ್ಯಾಗ, ಒಲಿ ಇರೂದು ಈ ಮೂಲ್ಯಾಗ. ದಿನಾ ಎಷ್ಟು ಸಲ ಅಡ್ಡಾಡ್ತೀನಿ ಅಂತ ಒಂದಿನರ ಕುಂತು ನೋಡೀರೇನು?”

ಮರುದಿನ ಉಡಚಪ್ಪ ಅಂಗಡಿ ತೆರೆಯಲಿಲ್ಲ. ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತ. ಎಣಿಸಿದ. ಮಧ್ಯಾಹ್ನದ ಅಡುಗೆ ಮುಗಿಯುವಷ್ಟರಲ್ಲಿ ಎಂಬತ್ತಮೂರು ಸಲ. ಸುಮ್ಮನೆ ಕೂತವನ ಕೈಗೆ ಮಂಜುಳಾ ಬೆಳ್ಳುಳ್ಳಿ ಕೊಟ್ಟು ಸುಲಿಯಲು ಹೇಳಿದಳು. ಅವನು ಸುಲಿಯುತ್ತಾ, ಆ ಮೂಲೆಯ ನಳವನ್ನು ಒಲೆಯ ಪಕ್ಕಕ್ಕೆ ತರಲು ಯಾವ ಗೋಡೆ ಒಡೆಯಬೇಕು ಎಂದು ನೋಡುತ್ತಿದ್ದ. ಒಡೆಯಬೇಕಾದದ್ದು ತಾನು ಬಹಳ ಪ್ರೀತಿಯಿಂದ ಕಮಾನು ಇಟ್ಟು ಬರೆದ ಗೋಡೆ. ಸಂಜೆಗೆ ಗೋಣೆಪ್ಪನಿಗೆ ಫೋನು ಮಾಡಿದ.

“ಅಳತಿ ತಗೊಂಡೀರೇನ್ರಿ ಸರ?” ಎಂದ ಗೋಣೆಪ್ಪ.

“ತಗೊಂಡೀನಿ,” ಎಂದ ಉಡಚಪ್ಪ. ಮಂಜುಳಾ ಅವನ ಕೈಯಿಂದ ಫೋನು ತೆಗೆದುಕೊಂಡಳು.

“ಗೋಣೆಪ್ಪಣ್ಣ, ಅವರ ಅಳತಿ ಬಿಡ್ರಿ. ನಾಳೆ ಬಂದು ನನ್ನ ಕೇಳ್ರಿ.”